ಡೀಸೆಲ್‌ಗೆ ಭವಿಷ್ಯವಿಲ್ಲ ಎಂದವಳು

ಸ್ಟೀರಿಂಗ್ ಚಕ್ರದ ನಡುವೆ, ಹಾರ್ನ್ ಒತ್ತುವ ಜಾಗದಲ್ಲಿ, ವಿಭೂತಿಯ ಮೂರು ಗೆರೆಗಳಿದ್ದವು. ಮೂರೂ ಪೂರ್ತಿಯಾಗಿದ್ದವು. ಮೊದಲೆಲ್ಲ ಸೋಮವಾರ ಬೆಳಿಗ್ಗೆ ಎಳೆದ ಗೆರೆಗಳಲ್ಲಿ ನಡುವಿನದು ಸಂಜೆಯ ಹೊತ್ತಿಗೇ ಅಳಿಸಿರುತ್ತಿತ್ತು. ಅಪ್ಪಾಜಿ ಅಂಗೈಯ ಬುಡದಿಂದ ಹಾರ್ನ್ ಒತ್ತುತ್ತಿದ್ದರು, ಚೆನ್ನೈಯಲ್ಲಿ ಹಾರ್ನ್ ಒತ್ತದೆ ಯಾರೂ ಒಂದು ಸಿಗ್ನಲ್ ದಾಟುವುದಿಲ್ಲ. ಈಗ ಒಂದು ಸೋಮವಾರ ಎಳೆದ ಗೆರೆ ಮುಂದಿನ ಸೋಮವಾರದವರೆಗೂ ಹಾಗೇ ಉಳಿಯುತ್ತಿತ್ತು. ಅದರ ಮೇಲೆಯೇ ಅವರು ಮತ್ತೆ ಮೂರು ಗೆರೆ ಎಳೆಯುತ್ತಿದ್ದರು.

ಕಾರು ಪುರಸೈವಾಕ್ಕಂನ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ಬಾಲ್ಕನಿಗೆ ಕಾಣುವ ಅಂಗಳದಲ್ಲಿ ಎರಡು ಕಂಬಗಳ ನಡುವೆ ನಿಂತಿತ್ತು. ಅಪ್ಪಾಜಿಯ ಕಣ್ಣಿನ ಒತ್ತಡ ಹೆಚ್ಚಾಗಿ ಬದಿಯ ನೋಟ ಕಡಿಮೆಯಾಗಿದೆ, ಇನ್ನು ಕಾರು ಓಡಿಸಕೂಡದು ಎಂದು ಡಾಕ್ಟರು ಹೇಳಿ ಕೆಲವು ತಿಂಗಳಾಗಿದ್ದವು. ಪಕ್ಕದಿಂದ ಬರುವ ಸ್ಕೂಟರ್ ಕಾಣುವುದಿಲ್ಲ, ಕಾಣುತ್ತಿಲ್ಲ ಎಂಬುದೂ ನಿಮಗೆ ತಿಳಿಯುವುದಿಲ್ಲ ಎಂದಿದ್ದರು. ಅಪ್ಪಾಜಿ ವಾದ ಮಾಡಲಿಲ್ಲ. ಆದರೆ ಬ್ಯಾಟರಿ ಕೆಡಬಾರದೆಂದು ಆಗಾಗ ಕೆಳಗಿಳಿದು, ಎಂಜಿನ್ ಚಾಲೂ ಮಾಡಿ, ಅದರ ಸದ್ದು ಕೇಳುತ್ತ ಸ್ವಲ್ಪ ಹೊತ್ತು ಕೂತು, ಆರಿಸಿ ಬರುತ್ತಿದ್ದರು. ನಾನು ಬಾಲ್ಕನಿಯಿಂದ ನೋಡಿ, ನೋಡದವಳಂತೆ ಒಳಗೆ ಹೋಗುತ್ತಿದ್ದೆ.

ನನ್ನ ಕೆಲಸ ಗಿಂಡಿಯ ಒಂದು ಕಚೇರಿಯಲ್ಲಿ. ವಾಹನ ಉದ್ಯಮದ ಬಗ್ಗೆ ಹೂಡಿಕೆದಾರರಿಗೆ ಟಿಪ್ಪಣಿ ಬರೆಯುತ್ತೇನೆ. ಯಾವ ಕಾರ್ಖಾನೆ ತನ್ನ ಸಾಮರ್ಥ್ಯದ ಎಷ್ಟು ಪಾಲನ್ನು ಬಳಸುತ್ತಿದೆ, ಬ್ಯಾಟರಿಯ ಬೆಲೆ ಇಳಿದರೆ ಲಾಭ ಯಾರ ಪಾಲಿಗೆ ಹೋಗುತ್ತದೆ, ಎಂಜಿನ್ನೇ ಇಲ್ಲದ ಕಾರು ಬಂದಾಗ ಪಿಸ್ಟನ್ ರಿಂಗ್ ಮಾಡುವ ಅಂಬತ್ತೂರಿನ ಸಣ್ಣ ಶೆಡ್ಡುಗಳ ಗತಿ ಏನು, ಇಂಥವು. ನನಗೆ ಖಚಿತವಾದ ಅಭಿಪ್ರಾಯಗಳಿವೆ. ನಮ್ಮ ಊರುಗಳ ರಸ್ತೆಗೆ ಹೊಂದದ ಎತ್ತರದ ಕಾರುಗಳನ್ನು ಜನ ಕೊಳ್ಳುವುದು ಎದುರಿನ ಮನೆಯವರಿಗಾಗಿ. ಕಂಪನಿಗಳು ಅವನ್ನು ಮಾರುವುದು ಸಣ್ಣ ಕಾರಿನಲ್ಲಿ ಸಿಗದ ಲಾಭ ಅಲ್ಲಿ ಸಿಗುವುದರಿಂದ. ಸ್ವಂತ ಕಾರು ಎನ್ನುವುದು ದಿನದ ಬಹುಪಾಲು ಸುಮ್ಮನೆ ನಿಂತು, ನಿಂತಲ್ಲೇ ಬೆಲೆ ಕಳೆದುಕೊಳ್ಳುವ ಆಸ್ತಿ. ಇವನ್ನೆಲ್ಲ ನಾನು ಬರೆದಿದ್ದೇನೆ. ಇವತ್ತಿಗೂ ಇವು ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ಅಪ್ಪಾಜಿಗೆ ಇಂಗ್ಲಿಷ್ ಓದುವುದು ನಿಧಾನ. ಆದರೂ ನನ್ನ ಟಿಪ್ಪಣಿಗಳನ್ನು ಫೋನಿನಲ್ಲಿ ದೊಡ್ಡದು ಮಾಡಿಕೊಂಡು ಓದುತ್ತಿದ್ದರು, ಮಂಡಿಯಲ್ಲಿ ಇತರ ವ್ಯಾಪಾರಿಗಳಿಗೆ ತೋರಿಸುತ್ತಿದ್ದರು. ನಮ್ಮದು ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರ. ಅಜ್ಜ ಹಾವೇರಿ ಕಡೆಯಿಂದ ಬಂದು ಇಲ್ಲಿ ಮಂಡಿ ಹಾಕಿದವರು. ನಮ್ಮ ಅಂಗಡಿಗೆ ಒಂದು ಪದ್ಧತಿಯಿದೆ. ಗಿರಾಕಿ ಬಂದಾಗ ಚೀಲದ ಬಾಯಿ ಬಿಚ್ಚಿ ಮೇಲಿನ ಕಾಯಿ ತೋರಿಸುವುದಿಲ್ಲ. ಚೀಲವನ್ನು ಮಗುಚಿ, ಅಡಿಯ ಹೊಲಿಗೆ ಬಿಚ್ಚಿ, ಅಲ್ಲಿಂದ ಒಂದು ಹಿಡಿ ತೆಗೆದು ಮೊದಲು ಅದನ್ನು ಅವನ ಅಂಗೈಗೆ ಹಾಕುತ್ತಾರೆ. ಒಡೆದದ್ದು, ಬಣ್ಣಗೆಟ್ಟದ್ದು, ತೇವ ಹಿಡಿದದ್ದು ಇರುವುದೇ ಅಡಿಯಲ್ಲಿ. "ಅಡಿಯ ಹಿಡಿ ನೋಡಿದ ಮ್ಯಾಲೆ ಮ್ಯಾಲಿನ ಹಿಡಿಗೆ ಸುಳ್ಳು ಹೇಳಾಕ ಬರೂದಿಲ್ಲ" ಎನ್ನುತ್ತಿದ್ದರು ಅಪ್ಪಾಜಿ. ಡಿಕ್ಕಿಯಲ್ಲಿ ಸದಾ ಮಾದರಿ ಚೀಲಗಳಿರುತ್ತಿದ್ದುದರಿಂದ ನಮ್ಮ ಕಾರಿನೊಳಗೆ ಕೂತ ಯಾರಾದರೂ ಸೀನದೆ ಇಳಿದದ್ದಿಲ್ಲ.

ವಾರದ ಕೊನೆಗೆ ನಾನು ವಿದ್ಯುತ್ ಕಾರುಗಳ ರೇಸ್ ನೋಡುತ್ತಿದ್ದೆ. ಅಪ್ಪಾಜಿ ಪಕ್ಕದಲ್ಲಿ ಬಂದು ಕೂರುತ್ತಿದ್ದರು.

"ಸದ್ದ ಇಲ್ಲಲ್ಲ ಇದರಾಗ. ಮಿಕ್ಸ್ಯಾಗ ಚಟ್ನಿ ರುಬ್ಬಿದಂಗ ಐತಿ."

ಅಡುಗೆಮನೆಯಿಂದ ಅಮ್ಮ, "ಮಿಕ್ಸ್ಯಾಗ ರುಬ್ಬಿದ್ರ ಚಟ್ನಿಯಾದರೂ ಸಿಗತೈತಿ" ಎನ್ನುತ್ತಿದ್ದರು.

ಈ ರೇಸುಗಳಿಂದ ನಾಳಿನ ಕಾರು ಹುಟ್ಟುತ್ತದೆ ಎಂದು ಕಂಪನಿಗಳು ಹೇಳುವುದನ್ನು ನಾನು ಹೆಚ್ಚು ನಂಬುವುದಿಲ್ಲ. ಅದರಲ್ಲಿ ಮುಕ್ಕಾಲು ಪಾಲು ಜಾಹೀರಾತು. ನನಗೆ ಇಷ್ಟವಾಗುವುದು ಅದರ ಜಿಪುಣತನ. ಎಲ್ಲರಿಗೂ ಒಂದೇ ಅಳತೆಯ ಶಕ್ತಿ ಕೊಟ್ಟಿರುತ್ತಾರೆ. ತಿರುವು ಬರುವುದಕ್ಕೆ ಬಹಳ ಮೊದಲೇ ಕಾಲು ತೆಗೆದು ಕಾರನ್ನು ತನ್ನಷ್ಟಕ್ಕೆ ಉರುಳಲು ಬಿಡುವವನು, ಬ್ರೇಕಿನಲ್ಲಿ ಕಳೆಯುವ ವೇಗವನ್ನು ಮತ್ತೆ ಬ್ಯಾಟರಿಗೆ ತುಂಬಿಕೊಳ್ಳುವವನು ಕೊನೆಗೆ ಮುಂದಿರುತ್ತಾನೆ. ಎಷ್ಟೋ ಸಲ ಮೊದಲ ಸ್ಥಾನವೇ ಯಾರಿಗೂ ಬೇಡವಾಗಿರುತ್ತದೆ. ಒಮ್ಮೆ ಅಪ್ಪಾಜಿ ಕೇಳಿದರು, "ಆ ಹಿಂದಿನವ ಯಾಕ ಮುಂದ ಹೋಗವಲ್ಲ? ಜಾಗ ಐತೆಲ್ಲ."

"ಬೇಕಂತಲೇ ಹಿಂದೆ ಇದಾನೆ ಪ್ಪಾ. ಮುಂದೆ ಹೋದರೆ ಗಾಳಿ ತಳ್ಳಬೇಕು, ಚಾರ್ಜ್ ವೇಸ್ಟ್. ಅವನಿಗೆ ಹೋಗೋಕೆ ಬರುತ್ತೆ, ಆದ್ರೆ ಈಗ ಹೋಗಲ್ಲ."

"ಹಂಗಾದ್ರ ಇವ ಖರೇ ವ್ಯಾಪಾರಸ್ಥ," ಎಂದು ಅವರು ಮೆಚ್ಚಿಕೊಂಡರು.

ಅಪ್ಪಾಜಿ ಓಡಿಸುವುದನ್ನು ಬಿಟ್ಟ ಮೇಲೆ ಮನೆಯಲ್ಲಿ ಸೋಮವಾರಗಳು ಕೆಟ್ಟವು. ಪ್ರತಿ ಸೋಮವಾರ ಬೆಳಿಗ್ಗೆ ಅವರೂ ಅಮ್ಮನೂ ತಿರುವೊಟ್ರಿಯೂರಿನ ಶಿವನ ಗುಡಿಗೆ ಹೋಗಿ, ಅಲ್ಲಿಂದ ಕಂಟೇನರ್ ಲಾರಿಗಳ ಸಾಲಿನ ಪಕ್ಕದಲ್ಲೇ ಎಣ್ಣೂರಿನವರೆಗೆ ಹೋಗಿ, ಕಾರನ್ನು ಸಮುದ್ರಕ್ಕೆ ಮುಖಮಾಡಿ ನಿಲ್ಲಿಸಿ, ಡಬ್ಬಿಯಲ್ಲಿ ತಂದ ಒಗ್ಗರಣೆ ಮಂಡಕ್ಕಿ ತಿಂದು ಬರುತ್ತಿದ್ದರು. ನನಗೆ ನೆನಪಿರುವಷ್ಟು ಕಾಲದಿಂದಲೂ ಇದು ನಡೆದಿತ್ತು. ಆ ದಂಡೆಯಲ್ಲಿ ನೋಡಲು ವಿದ್ಯುತ್ ಸ್ಥಾವರದ ಹೊಗೆಕೊಳವೆ, ಬಲೆ ಒಣಗಿಸುವ ದೋಣಿಗಳು, ದೂರದ ಹಡಗುಗಳು ಅಷ್ಟೇ. ಬೆಸೆಂಟ್ ನಗರದ ಬೀಚಿಗೆ ಹೋಗಬಾರದೇ ಎಂದರೆ, "ಅಲ್ಲಿ ಮಂದಿ ಭಾಳ" ಎಂದು ಇಬ್ಬರೂ ಒಟ್ಟಿಗೆ ಹೇಳುತ್ತಿದ್ದರು.

ಅಪ್ಪಾಜಿ ನನ್ನನ್ನು ನೇರವಾಗಿ ಕೇಳಲಿಲ್ಲ. ಕೇಳುವ ಸ್ವಭಾವ ಅವರದಲ್ಲ.

"ಅವ್ವಿ, ಸೋಮವಾರ ನಿನಗ ಆಫೀಸು ಎಷ್ಟಕ್ಕ?"

"ಬೇಗ ಪ್ಪಾ. ಸೋಮವಾರ ಕಾಲ್ಸ್ ಇರುತ್ತೆ."

ಇನ್ನೊಮ್ಮೆ, "ನಿನ್ನ ಲೈಸನ್ಸ್ ಇನ್ನೂ ಚಾಲ್ತಿ ಐತೇನು?"

"ಇದೆ. ಆದರೆ ಅಪ್ಪಾಜಿ, ನಾನೊಂದು ಮಾತು ಹೇಳಲಾ? ಈ ಕಾರ್ ಇಟ್ಕೊಳ್ಳೋದ್ರಲ್ಲಿ ಅರ್ಥ ಇಲ್ಲ." ನಾನು ಲ್ಯಾಪ್‌ಟಾಪ್ ತಂದು ವಿಮೆ, ಸರ್ವಿಸು, ಸವಕಳಿ ಎಲ್ಲ ವಿವರಿಸಿದೆ. ಡೀಸೆಲ್‌ಗೆ ಭವಿಷ್ಯವಿಲ್ಲ, ಸಣ್ಣ ಡೀಸೆಲ್ ಎಂಜಿನ್ ಮಾಡುವುದನ್ನು ಕಂಪನಿಗಳೇ ಬಿಡುತ್ತಿವೆ, ಇನ್ನು ತಡಮಾಡಿದರೆ ಕೊಳ್ಳುವವರು ಸಿಗುವುದಿಲ್ಲ ಎಂದೆ. ಸೋಮವಾರ ಟ್ಯಾಕ್ಸಿ ಮಾಡಿಕೊಂಡು ಹೋಗಿ ಎಂದೆ. ಅವರು ಪೂರ್ತಿ ಕೇಳಿದರು. ಯಾರೋ ದೊಡ್ಡವರ ಮಾತು ಕೇಳುವಂತೆ, ಮೊಣಕಾಲ ಮೇಲೆ ಕೈಯಿಟ್ಟು ಕೇಳಿದರು.

"ನೀ ಓದಿದಾಕಿ. ಹಂಗಂದ್ರ ಮಾರೂಣು," ಎಂದರು.

ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ನನಗೆ ಕಾರು ಓಡಿಸಲು ಬರುವುದಿಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಲೈಸನ್ಸ್ ಇದ್ದದ್ದು ನಿಜ. ಕಾಲೇಜಿನ ಕೊನೆಯ ವರ್ಷದಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದೆ. ಆ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಪೆಡಲುಗಳಿರುತ್ತವೆ. ಒಂದು ದಿನ ಮೇಲ್ಸೇತುವೆಯ ಏರಿನಲ್ಲಿ ಎಂಜಿನ್ ನಿಂತು, ಕಾರು ಹಿಂದಕ್ಕೆ ಸರಿಯಿತು. ಹಿಂದೆ ನೀರಿನ ಲಾರಿಯಿತ್ತು. ಕಲಿಸುವವರು ತಮ್ಮ ಕಡೆಯ ಬ್ರೇಕ್ ಒತ್ತಿದರು, ಏನೂ ಆಗಲಿಲ್ಲ. ಆದರೆ ಕನ್ನಡಿಯಲ್ಲಿ ಕಂಡ ಆ ಲಾರಿಯ ಮುಂಭಾಗ ನನ್ನ ಕಾಲಿನಲ್ಲಿ ಉಳಿದುಹೋಯಿತು. ಪರೀಕ್ಷೆಯ ದಿನ ಅಧಿಕಾರಿ ಹಿಂದಿನ ಸೀಟಿನಲ್ಲಿ ಕೂತಿದ್ದರು, ಕಲಿಸುವವರು ನನ್ನ ಪಕ್ಕದಲ್ಲಿ. ನಾನು ಸ್ಟೀರಿಂಗ್ ಹಿಡಿದಿದ್ದೆ, ಕ್ಲಚ್ಚು ಬ್ರೇಕು ಎಲ್ಲ ಅವರ ಕಾಲಿನದು. ಹೀಗೆ ಪಾಸಾದವಳು ಈ ಊರಿನಲ್ಲಿ ನಾನೊಬ್ಬಳೇ ಅಲ್ಲ. ಆದರೆ ಹೀಗೆ ಪಾಸಾಗಿ, ಆಮೇಲೆ ಕಾರುಗಳ ಬಗ್ಗೆ ಅಭಿಪ್ರಾಯ ಬರೆದು ಸಂಬಳ ತೆಗೆದುಕೊಳ್ಳುವವರು ಎಷ್ಟಿದ್ದಾರೋ ಗೊತ್ತಿಲ್ಲ. ನೀನು ಓಡಿಸುತ್ತೀಯಾ ಎಂದು ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ. ರೇಸಿನ ತಿರುವಿನಲ್ಲಿ ಕಾಲು ಯಾವಾಗ ತೆಗೆಯಬೇಕೆಂದು ಹೇಳುವವಳನ್ನು ಅದನ್ನು ಯಾರು ಕೇಳುತ್ತಾರೆ?

ಒಂದು ಭಾನುವಾರ ಬೆಳಿಗ್ಗೆ ಬ್ರೋಕರು ಕೊಳ್ಳುವವರನ್ನು ಕರೆದುಕೊಂಡು ಬಂದ. ಎಣ್ಣೂರಿನ ಬಂದರಿನಲ್ಲಿ ಕೆಲಸ ಮಾಡುವ ಒಬ್ಬ ಯುವಕ, ಮಾತು ಕಡಿಮೆ. ಅಪ್ಪಾಜಿ ತಮ್ಮ ಪದ್ಧತಿಯಂತೆ ಅಡಿಯ ಹಿಡಿಯಿಂದಲೇ ಶುರುಮಾಡಿದರು. ಎಡ ಬಾಗಿಲಿನ ಗೀರು ತೋರಿಸಿದರು. ಏಸಿ ತಣಿಯುವುದು ತಡ ಎಂದರು. ಡಿಕ್ಕಿ ತೆರೆದರು, ಬ್ರೋಕರು ಸೀನಿದ.

"ಸಾರ್," ಎಂದ ಅವನು ಮೂಗೊರೆಸಿಕೊಳ್ಳುತ್ತ, ತಮಿಳಿನಲ್ಲಿ, "ನೀವು ವಂಡಿ ಮಾರೋಕೆ ಬಂದಿದ್ದೀರೋ, ಪಾರ್ಟಿಯನ್ನ ಓಡಿಸೋಕೆ ಬಂದಿದ್ದೀರೋ?"

ಅಪ್ಪಾಜಿ ನಕ್ಕರು. "ಇನ್ನು ಎಂಜಿನ್ ನೋಡಪ್ಪ. ಅದರಲ್ಲಿ ಹೇಳೋಕೆ ತಪ್ಪೇ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ ಆ ಯುವಕನಿಗೆ ಹೇಳಿದರು, "ನನ್ನ ಮಗಳು. ಕಾರ್ ಕಂಪನಿಗಳ ಬಗ್ಗೆ ಬರೆಯೋದೇ ಅವಳ ಕೆಲಸ. ಮಾರು ಅಂತ ಹೇಳಿದ್ದೂ ಅವಳೇ." ಮುಂದಿನ ಮಾತು ಕನ್ನಡದಲ್ಲಿ ನನಗೆ. "ಅವ್ವಿ, ಒಂದು ಸುತ್ತ ಹಾಕಿಸ್ಕೊಂಡು ಬಾ. ಮೊದಲ ಮನಿಯವರು ಓಡಸಬೇಕು, ಅವರು ಬಾಜೂಕ ಕೂತು ಸದ್ದ ಕೇಳಬೇಕು. ಆಮ್ಯಾಲೆ ಅವರ ಕೈಗೆ ಕೊಡೂಣು."

ಕೀಲಿ ನನ್ನ ಅಂಗೈಯಲ್ಲಿತ್ತು. ಆಗ ಹೇಳಬಹುದಿತ್ತು. ಅಪ್ಪಾಜಿ, ನನಗೆ ಬರಲ್ಲ, ಮೂರು ಪದ. ನಾನು ಹೋಗಿ ಕೂತೆ.

ಸೀಟು ಅಪ್ಪಾಜಿಯ ಉದ್ದನೆಯ ಕಾಲಿಗೆ ಹೊಂದಿಸಿದ್ದು. ನನ್ನ ಎಡಗಾಲ ಬೆರಳ ತುದಿ ಮಾತ್ರ ಕ್ಲಚ್ಚಿಗೆ ಮುಟ್ಟುತ್ತಿತ್ತು. ಸೀಟನ್ನು ಮುಂದಕ್ಕೆ ಎಳೆಯುವ ಹಿಡಿಕೆ ಕೆಳಗಿದೆ ಎಂದು ನನಗೆ ಗೊತ್ತಿತ್ತು. ಆದರೆ ಈಗ ಎಳೆದರೆ, ಈ ಸೀಟಿನಲ್ಲಿ ನಾನು ಎಂದೂ ಕೂತೇ ಇಲ್ಲ ಎಂಬುದು ಎಲ್ಲರಿಗೂ ಕಾಣುತ್ತದೆ. ಎಳೆಯಲಿಲ್ಲ. ಯುವಕ ಪಕ್ಕದಲ್ಲಿ ಕೂತ, ಅಪ್ಪಾಜಿ ಹಿಂದೆ. ಬ್ರೋಕರು ಕಂಬದ ಪಕ್ಕ ನಿಂತಿದ್ದ. ಚಾಲೂ ಮಾಡಿದೆ, ಗೇರ್ ಹಾಕಿದೆ. ಅರ್ಧ ಒತ್ತಿದ ಕ್ಲಚ್ಚಿನಲ್ಲಿ ಗೇರು ಕರ್ರೆಂದಿತು. ಕಾರು ಜಿಗಿದು ನಿಂತಿತು. ಮತ್ತೆ ಚಾಲೂ ಮಾಡಿದೆ, ಮತ್ತೆ ಜಿಗಿಯಿತು, ಈ ಸಲ ಕಂಬದ ಕಡೆಗೆ. "ಅಮ್ಮಾ, ಪಾತ್ತು ಪಾತ್ತು!" ಎಂದು ಎಚ್ಚರಿಸುತ್ತ ಬ್ರೋಕರು ಹಿಂದಕ್ಕೆ ಹಾರಿದ. ಹಿಂದಿನ ಸೀಟಿನಿಂದ ಒಂದು ಕೈ ಬಂದು ಹ್ಯಾಂಡ್‌ಬ್ರೇಕ್ ಎಳೆಯಿತು.

ನನ್ನ ಕಣ್ಣೆದುರಿಗೆ ಆ ಮೂರು ಗೆರೆಗಳಿದ್ದವು. ಕನ್ನಡಿಯಲ್ಲಿ ಅಪ್ಪಾಜಿಯ ಮುಖ ಕಂಡಿತು. ಅವರು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಕಾಲನ್ನು ನೋಡುತ್ತಿದ್ದರು.

ಆಮೇಲೆ ಅವರು ಕಿಟಕಿಯಿಂದ ಹೊರಗೆ ಬ್ರೋಕರಿಗೆ ಹೇಳಿದರು, ಬಹಳ ಸಹಜವಾಗಿ, "ಕ್ಲಚ್ ಹೋಗಿದೆಯಪ್ಪ. ಮಗಳದೇನೂ ತಪ್ಪಿಲ್ಲ. ತುಂಬ ದಿನದಿಂದ ಹಿಂಗೇ ಇದೆ."

"ಕ್ಲಚ್ ಪೋಚ್ಚಾ?" ಬ್ರೋಕರು ಯುವಕನ ಮುಖ ನೋಡಿದ. ಯುವಕ ಸದ್ದಿಲ್ಲದೆ ಸೀಟ್ ಬೆಲ್ಟ್ ಬಿಚ್ಚಿ ಇಳಿದ. ಬ್ರೋಕರು ಅಪ್ಪಾಜಿಯ ಹತ್ತಿರ ಬಂದು, ದನಿ ತಗ್ಗಿಸದೆ, "ಗೀರು ತೋರಿಸಿದಿರಿ, ಏಸಿ ಹೇಳಿದಿರಿ, ಮುಖ್ಯವಾದದ್ದನ್ನ ಮುಚ್ಚಿಟ್ಟಿರಲ್ಲ ಸಾರ್. ನಿಮ್ಮಂಥವರು ಹೀಗೆ ಮಾಡ್ತಾರಾ?" ಎಂದ.

"ತಪ್ಪಾಯ್ತು," ಎಂದರು ಅಪ್ಪಾಜಿ, ಕಾರಿನಿಂದ ಇಳಿಯುತ್ತ.

ಚೀಲದ ಅಡಿ ಬಿಚ್ಚಿ ತೋರಿಸುವುದರಲ್ಲೇ ಆಯುಷ್ಯ ಕಳೆದವರು ನನಗಾಗಿ ಇಲ್ಲದ ಹುಳುಕೊಂದನ್ನು ತಮ್ಮ ಸರಕಿಗೆ ಹಚ್ಚಿ, ಅದನ್ನು ಮುಚ್ಚಿಟ್ಟ ಆರೋಪವನ್ನೂ ಹೊತ್ತುಕೊಂಡು ಕಂಬದ ಪಕ್ಕದಲ್ಲಿ ನಿಂತಿದ್ದರು. ನಾನು ಇನ್ನೂ ಸ್ಟೀರಿಂಗ್ ಹಿಡಿದು ಕೂತೇ ಇದ್ದೆ. ಕೆಳಗಿಳಿದು ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಬಂದವರು ಹೋದ ಮೇಲೆ, ಲಿಫ್ಟಿನಲ್ಲಿ ಅಪ್ಪಾಜಿ, "ಸೆಕಿ ಭಾಳ ಐತಿ ಇವತ್ತ," ಎಂದರು. ನಾನು ಹೂಂ ಎಂದೆ.

ಮಧ್ಯಾಹ್ನ ಅಮ್ಮ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು. ನಾನೂ ಹೋಗಿ ಕೂತೆ. ಬಾಲ್ಕನಿಯಿಂದ ಅವರು ಎಲ್ಲವನ್ನೂ ನೋಡಿದ್ದರು.

"ಟ್ಯಾಕ್ಸೀಲಿ ಹೋಗಬಹುದಿತ್ತಲ್ಲ ಅಮ್ಮ ನೀವು," ಎಂದೆ. ನನ್ನನ್ನು ನಾನೇ ಸಮರ್ಥಿಸಿಕೊಳ್ಳುವುದನ್ನು ಆಗಲೂ ಬಿಟ್ಟಿರಲಿಲ್ಲ.

ಅಮ್ಮ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ. "ನಾ ಮದುವ್ಯಾಗಿ ಬಂದಾಗ ಆ ಹಳೇ ಮನ್ಯಾಗ ಮಂದೀನ ಮಂದಿ. ನಿಮ್ಮ ಅಜ್ಜಿ, ದೊಡ್ಡಪ್ಪ, ಚಿಗವ್ವ, ಅಂಗಡಿ ಆಳು. ನಿಮ್ಮ ಅಪ್ಪನ ಕೂಡ ಒಂದ ಮಾತಾಡಬೇಕಂದ್ರ ಜಾಗ ಎಲ್ಲಿತ್ತು? ದೇವರ ನೆವ ಮಾಡಿ ಕಾರಿನ್ಯಾಗ ಹೋಗತಿದ್ವಿ. ಕದಾ ಹಾಕ್ಕೊಂಡ್ರ ಅದ ನಮ್ಮ ಖೋಲಿ. ಅತ್ತರೂ ಅಲ್ಲೇ, ಜಗಳಾಡಿದ್ರೂ ಅಲ್ಲೇ. ನಿನ್ನ ಹೊಟ್ಟ್ಯಾಗ ಇಟ್ಕೊಂಡ ಸುದ್ದೀನೂ ಎಣ್ಣೂರಾಗ ಹೇಳಿದ್ನಿ." ಒಂದು ಹಿಡಿ ಕಾಯಿ ಮೊರಕ್ಕೆ ಹಾಕಿದರು. "ಟ್ಯಾಕ್ಸ್ಯಾಗ ಮುಂದ ಒಬ್ಬ ಕೂತಿರತಾನ. ಅವನ ಮುಂದ ನಿಮ್ಮ ಅಪ್ಪ ಬಾಯಿನ ಬಿಡೂದಿಲ್ಲ. ಎರಡ ಸರೆ ಹೋಗಿ ಬಂದ್ವಿ. ಸುಮ್ಮನ ಹೋಗಿ ಸುಮ್ಮನ ಬಂದ್ವಿ."

ದಿನದ ಬಹುಪಾಲು ನಿಂತೇ ಇರುವ ಆಸ್ತಿ ಎಂದು ನಾನು ಬರೆದಿದ್ದೆ. ಅದು ನಿಂತಿರುವಾಗಲೇ ಅವರಿಗೆ ಬೇಕಾಗಿತ್ತು, ಸಮುದ್ರಕ್ಕೆ ಮುಖಮಾಡಿ ನಿಂತಿರುವಾಗ. ಯಾವ ಟಿಪ್ಪಣಿಯಲ್ಲೂ ನಾನು ಲೆಕ್ಕಕ್ಕೆ ಹಿಡಿಯದ ಬಳಕೆ ಅದು. ಆದರೆ ನನ್ನ ನಾಚಿಕೆ ಲೆಕ್ಕ ತಪ್ಪಿದ್ದಕ್ಕಲ್ಲ. ಲೆಕ್ಕ ತಪ್ಪುವುದು ನನ್ನ ವೃತ್ತಿಯಲ್ಲಿ ಇದ್ದದ್ದೇ. ಸರಿಯಾದ ಮಾತುಗಳನ್ನೇ ಆರಿಸಿ ಆರಿಸಿ ಮುಂದಿಟ್ಟು, ಅವುಗಳ ಹಿಂದೆ ಅಡಗಿ ಕೂತಿದ್ದೆ. ಅಪ್ಪಾಜಿ ಅವುಗಳಿಗೆ ತಲೆಬಾಗಿದ್ದು ನನ್ನ ಓದಿನ ಮೇಲಿನ ಗೌರವದಿಂದ.

ಸಂಜೆ ಅವರು ಬಾಲ್ಕನಿಯಲ್ಲಿ ಕೂತಿದ್ದಾಗ ಹೋಗಿ ನಿಂತೆ. ಹೇಗೆ ಹೇಳಬೇಕೆಂದು ಯೋಚಿಸಿದ್ದ ವಾಕ್ಯಗಳೆಲ್ಲ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದವು. ಬಿಟ್ಟು, ಕನ್ನಡದಲ್ಲೇ ಹೇಳಿದೆ.

"ಅಪ್ಪಾಜಿ, ನನಗೆ ಕಾರ್ ಓಡಿಸೋಕೆ ಬರಲ್ಲ. ಮೊದಲಿಂದಾನೂ ಬರಲ್ಲ. ಕ್ಲಚ್ ಚೆನ್ನಾಗಿದೆ."

"ಕ್ಲಚ್ ಛಲೋ ಐತಿ ಅಂತ ನನಗ ಗೊತ್ತಿಲ್ಲೇನು?" ಎಂದರು. ಆಮೇಲೆ, "ಡೀಸೆಲ್‌ದು ನೀ ಹೇಳಿದ್ದು? ಅದೂ ಸುಳ್ಳೇನು?"

"ಅದು ನಿಜ."

"ಮತ್ತ?"

"ನಿಜಾನೇ. ಆದರೆ ಅದಕ್ಕೋಸ್ಕರ ಮಾರಿ ಅಂತ ಹೇಳಲಿಲ್ಲ. ಹೆದರಿಕೆ. ನೀವು ಓಡಿಸು ಅಂದುಬಿಡ್ತೀರ ಅಂತ."

ಅವರು ರಸ್ತೆಯನ್ನೇ ನೋಡುತ್ತಿದ್ದರು. ನೋಟದ ಬದಿಗಳು ಕತ್ತಲಾಗಿರುವ ಕಣ್ಣಿಗೆ ಅದು ಎಷ್ಟು ಕಾಣುತ್ತಿತ್ತೋ. "ನೀ ಬೇಕಂತ ಹಿಂದ ಉಳದಿ ಅಂತ ತಿಳ್ಕೊಂಡಿದ್ನಿ," ಎಂದರು. "ಆ ರೇಸಿನವನಂಗ. ಬರತೈತಿ, ಆದ್ರ ಈಗ ಬ್ಯಾಡ ಅನ್ನಾಕತ್ಯಾಳ ಅಂತ."

ಬೈದಿದ್ದರೆ ಸಹಿಸಬಹುದಿತ್ತು. ಅವರು ಇಷ್ಟು ತಿಂಗಳು ನನ್ನ ನಿರಾಕರಣೆಗೂ ಒಂದು ಜಾಣತನದ ಕಾರಣ ಹುಡುಕಿಕೊಟ್ಟಿದ್ದರು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡೆ. ಊಟದ ಹೊತ್ತಿಗೆ ಮೂವರೂ ಹಪ್ಪಳದ ಬಗ್ಗೆ ಮಾತಾಡಿದೆವು.

ಮರುದಿನ ಸೋಮವಾರ. ಬೆಳಿಗ್ಗೆ ಕಚೇರಿಗೆ ತಡವಾಗಿ ಬರುತ್ತೇನೆಂದು ಸಂದೇಶ ಕಳಿಸಿ, ಬ್ರೋಕರಿಗೆ ಫೋನ್ ಮಾಡಿದೆ. ಕ್ಲಚ್ ಚೆನ್ನಾಗಿದೆ, ಅಪ್ಪಾಜಿ ಏನನ್ನೂ ಮುಚ್ಚಿಟ್ಟಿರಲಿಲ್ಲ, ನನ್ನ ಮಾನ ಕಾಯಲು ಹಾಗೆ ಹೇಳಿದರು, ನನಗೆ ಓಡಿಸಲು ಬರುವುದಿಲ್ಲ ಎಂದೆ.

ಆ ಕಡೆಯಿಂದ, "ಲೈಸನ್ಸ್ ಇರುಕ್ಕಾಮ್ಮಾ?"

"ಇದೆ."

ಅವನು ಮನಸಾರೆ ನಕ್ಕ. "ಹಾಗಾದ್ರೆ ಪಾರ್ಟಿಯನ್ನ ಮತ್ತೆ ಕರ್ಕೊಂಡು ಬರಲಾ?"

"ಅವರಿಗೆ ಕ್ಲಚ್ ವಿಷಯ ತಿಳಿಸಿ. ಮಾರೋದು ಬಿಡೋದು ಅಪ್ಪಾಜಿ ಹೇಳ್ತಾರೆ."

ಕಾರಿನ ಎರಡನೆಯ ಕೀಲಿ ತೆಗೆದುಕೊಂಡು ಕೆಳಗಿಳಿದಾಗ ಅಪ್ಪಾಜಿ ಆಗಲೇ ಕಾರಿನ ಬಾಗಿಲು ತೆರೆದು, ಬಗ್ಗಿ, ಹಳೆಯ ಗೆರೆಗಳ ಮೇಲೆ ಹೊಸ ವಿಭೂತಿ ಎಳೆಯುತ್ತಿದ್ದರು. ನನ್ನನ್ನು ನೋಡಿ ಪಕ್ಕಕ್ಕೆ ಸರಿದರು. ಏನೂ ಕೇಳದೆ ಆಚೆ ಕಡೆಯಿಂದ ಹೋಗಿ ಎಡ ಸೀಟಿನಲ್ಲಿ ಕೂತು, ಒಂದು ಕೈಯನ್ನು ಹ್ಯಾಂಡ್‌ಬ್ರೇಕಿನ ಮೇಲಿಟ್ಟುಕೊಂಡರು.

"ಗೇಟಿನ ತನಕ," ಎಂದರು.

ಹಿಂದಿನ ಬಾಗಿಲು ತೆರೆಯಿತು. ಅಮ್ಮ, ಕೈಯಲ್ಲಿ ಸ್ಟೀಲ್ ಡಬ್ಬಿ.

"ಗೇಟಿನ ತನಕ ಹೋಗಾಕ ಮಂಡಕ್ಕಿ ಯಾಕ?"

"ನಿಮ್ಮ ಮಗಳು ಓಡಿಸಿದ್ರ ಗೇಟ ಮುಟ್ಟೂದರಾಗ ಮಧ್ಯಾಹ್ನ ಆಗತೈತಿ," ಎಂದು ಅಮ್ಮ ಬಾಗಿಲು ಹಾಕಿಕೊಂಡು, ಸೀನಿದರು.

ನಾನು ಸ್ಟೀರಿಂಗ್ ಮುಂದೆ ಕೂತು, ಸೀಟಿನ ಕೆಳಗೆ ಕೈಹಾಕಿ ಹಿಡಿಕೆ ಹುಡುಕಿದೆ. ಎಷ್ಟೋ ವರ್ಷದಿಂದ ಅಲುಗದೆ ಇದ್ದದ್ದು, ಬಿಗಿಯಾಗಿತ್ತು. ಅವರಿಬ್ಬರೂ ನೋಡುತ್ತಿದ್ದಂತೆಯೇ ಅದನ್ನೆತ್ತಿ, ಸೀಟನ್ನು ನನ್ನ ಕಾಲು ಕ್ಲಚ್ಚಿಗೆ ಪೂರ್ತಿ ಎಟುಕುವವರೆಗೆ ಮುಂದಕ್ಕೆ ಎಳೆದುಕೊಂಡೆ.